ಹಕ್ಕಿ ಬರೋದು ಚಳಿಗಾಲಕ್ಕ, ಸೂಟಿ ಸಿಗೋದು ಬ್ಯಾಸಿಗಿಗೆ!

ಜಮಖಂಡಿಯಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ಒಳಗೆ ಎಲ್ಲೆಲ್ಲಿಗೆ ಹೋಗಬಹುದು, ಒಮ್ಮೆ ಲೆಕ್ಕ ಹಾಕಿ. ಮುಧೋಳದ ಕಡೆ ಹೋದರೆ ತಿಮ್ಮಾಪುರ. ಅಲ್ಲಿ ದೇಶಕ್ಕೆಲ್ಲ ಹೆಸರಾದ ಮುಧೋಳ ನಾಯಿಯ ಸಂಶೋಧನಾ ಕೇಂದ್ರವಿದೆ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ನಡುವೆ ಯಡಹಳ್ಳಿ ಗುಡ್ಡಗಳಿವೆ. ಅದು ಕರ್ನಾಟಕದ ಮೊದಲ ಚಿಂಕಾರ ವನ್ಯಜೀವಿ ಧಾಮ. ಬೀಳಗಿ ಕಡೆಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಚಳಿಗಾಲದಲ್ಲಿ ಅಲ್ಲಿ ಫ್ಲೆಮಿಂಗೊಗಳು ಇಳಿಯುತ್ತವೆ. ರಬಕವಿ-ಬನಹಟ್ಟಿಗೆ ಹೋದರೆ ಮಗ್ಗಗಳ ಸದ್ದು, ನೂಲಿಗೆ ಬಣ್ಣ ಹಾಕಿದ ನೀರು, ಅದರಾಚೆ ಕೃಷ್ಣಾ ನದಿ. ಇನ್ನು ಈ ನಾಲ್ಕೂ ಊರುಗಳ ನಡುವೆ ಎಲ್ಲಿ ನೋಡಿದರೂ ಕಬ್ಬು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಕಾರ್ಖಾನೆಯೊಳಗೆ ಒಂದೊಂದು ಲ್ಯಾಬ್.

ಜೀವಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಪ್ರಯೋಗಾಲಯ ಬೇಕೇ? ಆದರೆ ನನಗೆ ಪರಿಚಯವಿರುವ ಬಿಎಸ್ಸಿ ವಿದ್ಯಾರ್ಥಿಗಳನ್ನು ಕೇಳಿ ನೋಡಿದೆ. ಮೂರು ವರ್ಷದಲ್ಲಿ ಇವುಗಳಲ್ಲಿ ಎಷ್ಟನ್ನು ನೋಡಿದ್ದೀರಿ ಎಂದರೆ ಹೆಚ್ಚಿನವರ ಉತ್ತರ ಒಂದೇ: ‘ಒಮ್ಮೆ ಟೂರ್ ಹೋಗಿದ್ವಿ.’ ಟೂರ್ ಎಂದರೆ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಗ್ರೂಪ್ ಫೋಟೊ, ಸಂಜೆ ಬರುವಾಗ ಬಸ್ಸಿನಲ್ಲಿ ಹಾಡು. ಮುಂದಿನ ವಾರ ಎಲ್ಲರೂ ಒಬ್ಬರದನ್ನೊಬ್ಬರು ನೋಡಿ ಬರೆದ ನಾಲ್ಕು ಪುಟದ ವರದಿ.

ನಾನು ಓದುತ್ತಿರುವುದು ಬಿಇ. ಇನ್ನೊಬ್ಬರ ಕೋರ್ಸಿನ ಬಗ್ಗೆ ನನಗೇಕೆ ಉಸಾಬರಿ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ಕಾಕಾನ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ತೆಗೆದುಕೊಂಡು ಬಿಎಸ್ಸಿ ಮುಗಿಸಿದಳು. ಅಂಕಗಳಲ್ಲಿ ನಾನು ಅವಳ ಹತ್ತಿರಕ್ಕೂ ಬರುವುದಿಲ್ಲ. ಆದರೆ ಓದು ಮುಗಿಸಿ ಹೊರಗೆ ಬಂದಾಗ ಅವಳಿಗೆ ಎದುರಾದದ್ದು ನನಗೆ ಎದುರಾಗುವುದಿಲ್ಲ. ಆ ವ್ಯತ್ಯಾಸ ಬುದ್ಧಿಯದ್ದಲ್ಲ, ವ್ಯವಸ್ಥೆಯದ್ದು.

ಎಲ್ಲರಿಗೂ ಇದೆ, ಇವರಿಗೆ ಮಾತ್ರ ಇಲ್ಲ

ವಿಟಿಯುನ 2022ರ ಸ್ಕೀಮಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊನೆಯ ವರ್ಷ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ಅದಕ್ಕೆ ಕ್ರೆಡಿಟ್ ಇದೆ, ಮೌಲ್ಯಮಾಪನ ಇದೆ. ಅದು ಮುಗಿಯದಿದ್ದರೆ ಪದವಿ ಇಲ್ಲ. ಅದರ ಜೊತೆಗೆ ಸಮಾಜದ ಕೆಲಸಕ್ಕೆಂದು ಎಐಸಿಟಿಇಯ 100 ಆಕ್ಟಿವಿಟಿ ಪಾಯಿಂಟ್‌ಗಳನ್ನೂ ಗಳಿಸಬೇಕು. ನಾವು ಇದನ್ನೆಲ್ಲ ಗೊಣಗುತ್ತಲೇ ಮಾಡುತ್ತೇವೆ ನಿಜ. ಆದರೆ ಮಾಡುತ್ತೇವೆ.

ಜೀವಿಗಳನ್ನೇ ಓದುವ ಉಳಿದ ಕೋರ್ಸುಗಳನ್ನು ನೋಡಿ. ಎಂಬಿಬಿಎಸ್‌ಗೆ ಒಂದು ವರ್ಷದ ಇಂಟರ್ನ್‌ಶಿಪ್ ಇದೆ. ಪಶುವೈದ್ಯಕೀಯ ಪದವಿಗೂ ಒಂದು ವರ್ಷದ್ದಿದೆ. ಕೃಷಿ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳು ಅಂತಿಮ ವರ್ಷದಲ್ಲಿ ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬಂದು ಉಳಿಯುತ್ತಾರೆ. ಇದನ್ನು 2015ರಿಂದ ‘ಸ್ಟೂಡೆಂಟ್ ರೆಡಿ’ ಎಂಬ ಹೆಸರಿನಲ್ಲಿ ದೇಶದಾದ್ಯಂತ ಒಂದು ಚೌಕಟ್ಟಿಗೆ ತರಲಾಗಿದೆ. ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ, ಬೀಜೋಪಚಾರ ಮಾಡಿ ತೋರಿಸುವ ಆ ಹುಡುಗರನ್ನು ನಮ್ಮ ಭಾಗದ ಹಳ್ಳಿಗಳಲ್ಲಿ ನೀವೂ ನೋಡಿರುತ್ತೀರಿ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಶ್ವವಿದ್ಯಾಲಯ ಇರುವುದು ನಮ್ಮದೇ ಜಿಲ್ಲೆಯ ಬಾಗಲಕೋಟೆಯಲ್ಲಿ.

ನಡುವೆ ಉಳಿದುಬಿಟ್ಟವರು ಸಾದಾ ಬಿಎಸ್ಸಿಯವರು. 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ ಕೌಶಲ, ಇಂಟರ್ನ್‌ಶಿಪ್ ಎಂಬ ಮಾತುಗಳು ಬಹಳ ಕೇಳಿಬಂದವು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನೀತಿ ಬಂತು, ನೀತಿ ಹೋಯಿತು. ನಮ್ಮ ಅಕ್ಕನಂಥವರ ಚಪ್ಪಲಿಗೆ ಮಾತ್ರ ಹೊಲದ ಮಣ್ಣು ಹತ್ತಲಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಹಿಂದೆ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಎಂದರೆ ಕಪ್ಪೆ, ಜಿರಳೆ, ಎರೆಹುಳು ಕೊಯ್ಯುವುದು. 2014ರಲ್ಲಿ ಯುಜಿಸಿ ಅದನ್ನು ನಿಲ್ಲಿಸಿತು. ಅದು ಒಳ್ಳೆಯ ನಿರ್ಧಾರ. ಲಕ್ಷಗಟ್ಟಲೆ ಕಪ್ಪೆಗಳನ್ನು ಒಂದೇ ಚಿತ್ರ ಬಿಡಿಸಲು ಕೊಲ್ಲುವ ಅಗತ್ಯವಿರಲಿಲ್ಲ. ಆದರೆ ಸತ್ತ ಕಪ್ಪೆ ಟೇಬಲ್ಲಿನಿಂದ ಹೋದ ಜಾಗಕ್ಕೆ ಬದುಕಿರುವ ಕಪ್ಪೆ ಬರಬೇಕಿತ್ತು. ಮಳೆಗಾಲದ ರಾತ್ರಿ ಹಳ್ಳದ ದಂಡೆಯಲ್ಲಿ ಯಾವ ಕಪ್ಪೆ ಹೇಗೆ ಕೂಗುತ್ತದೆ ಎಂದು ಕೇಳಿಸಿಕೊಂಡು ಬರೆಯುವ ಕೆಲಸ ಬರಬೇಕಿತ್ತು. ಎಷ್ಟೋ ಕಡೆ ಬಂದದ್ದು ಗೋಡೆಯ ಚಾರ್ಟು, ಕಂಪ್ಯೂಟರಿನ ವಿಡಿಯೊ.

‘ಅನುಭವ ಮಾಡ್ಕೊಂಡು ಬರ್ರಿ’

ಅಕ್ಕ ಪದವಿ ಮುಗಿಸಿದ ಮೇಲೆ ಒಂದು ಆಹಾರ ಕಂಪನಿಯ ಲ್ಯಾಬಿನ ಕೆಲಸಕ್ಕೆ ಸಂದರ್ಶನಕ್ಕೆ ಹೋಗಿದ್ದಳು. ಪ್ರಶ್ನೆಗಳಿಗೆಲ್ಲ ಉತ್ತರಿಸಿದಳು. ಕೊನೆಗೆ ಅವರು ಸೂಕ್ಷ್ಮದರ್ಶಕದ ಪಕ್ಕ ಒಂದು ಗಾಜಿನ ಪಟ್ಟಿ ಇಟ್ಟು, ‘ಇದರಲ್ಲಿ ಯೀಸ್ಟ್ ಕೋಶ ಎಣಿಸಿ ತೋರಿಸಿ’ ಎಂದರು. ಅದು ಹೀಮೋಸೈಟೋಮೀಟರ್. ಸಣ್ಣ ಸಣ್ಣ ಚೌಕುಳಿಗಳನ್ನು ಕೊರೆದ ಗಾಜು. ಅದರ ಚಿತ್ರವನ್ನು ಅವಳು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬಿಡಿಸಿ ಪೂರ್ಣ ಅಂಕ ಪಡೆದಿದ್ದಳು. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅವರೇನೂ ಬೈಯಲಿಲ್ಲ. ‘ಸ್ವಲ್ಪ ಅನುಭವ ಮಾಡ್ಕೊಂಡು ಬರ್ರಿ’ ಎಂದು ನಯವಾಗಿಯೇ ಕಳಿಸಿದರು.

ಅನುಭವವಿಲ್ಲದೆ ಕೆಲಸ ಇಲ್ಲ, ಕೆಲಸವಿಲ್ಲದೆ ಅನುಭವ ಎಲ್ಲಿಂದ ಬರಬೇಕು? ಮನೆಯಲ್ಲಿ ಕಾಕಾ ಗಡುವು ಹಾಕಿದ್ದರು: ಒಂದು ವರ್ಷದೊಳಗೆ ಕೆಲಸ ಅಥವಾ ಎಂಎಸ್ಸಿ ಸೀಟು, ಇಲ್ಲದಿದ್ದರೆ ಬಂದ ಸಂಬಂಧ ನೋಡುವುದು. ಪಾಠ ಇಲ್ಲದ ಕಡೆ ಹೆಣ್ಣುಮಕ್ಕಳ ಓದು ಹೀಗೆ ಗಡಿಯಾರದ ಮುಳ್ಳಿನ ಮೇಲೆ ನಿಂತಿರುತ್ತದೆ. ಇಂಟರ್ನ್‌ಶಿಪ್ ಎಂಬುದು ನಮಗೆ ಬಯೋಡೇಟಾದ ಒಂದು ಸಾಲು ಇರಬಹುದು. ಅವಳಿಗೆ ಅದು ಮುಂದಿನ ಬದುಕು ಯಾರ ಕೈಯಲ್ಲಿ ಎಂಬ ಪ್ರಶ್ನೆಯಾಗಿತ್ತು.

ಆಗ ಅವಳ ಫೋನಿಗೆ ಒಂದು ಜಾಹೀರಾತು ಬಂತು. ಹಣ ಕಟ್ಟಿದರೆ ಹದಿನೈದು ದಿನದ ‘ಆನ್‌ಲೈನ್ ಬಯಾಲಜಿ ಇಂಟರ್ನ್‌ಶಿಪ್’, ಕೊನೆಗೆ ಬಣ್ಣದ ಪ್ರಮಾಣಪತ್ರ. ಅವಳ ಗೆಳತಿ ಹಣ ಕಟ್ಟಿ ನೋಡಿದಳು. ಸಿಕ್ಕಿದ್ದು ಆರು ರೆಕಾರ್ಡ್ ಮಾಡಿದ ವಿಡಿಯೊ ಮತ್ತು ಒಂದು ಪಿಡಿಎಫ್. ಇಂಥವು ಎಂಜಿನಿಯರಿಂಗ್‌ನಲ್ಲೂ ಬೇಕಾದಷ್ಟಿವೆ. ಕೋಡಿಂಗ್ ಅನ್ನಾದರೂ ಮನೆಯಲ್ಲಿ ಕೂತು ಕಲಿಯಬಹುದು. ಯೀಸ್ಟ್ ಎಣಿಸುವುದನ್ನು, ಕಬ್ಬಿನ ಗರಿಯ ಹಿಂಬದಿಯ ಕೀಟ ಗುರುತಿಸುವುದನ್ನು ಮೊಬೈಲಿನಲ್ಲಿ ಕಲಿಯುವುದು ಹೇಗೆ?

ಕೊನೆಗೆ ಕೆಲಸಕ್ಕೆ ಬಂದದ್ದು ಪರಿಚಯ. ಕಾಕಾ ಕಬ್ಬು ಕಳಿಸುವ ಕಾರ್ಖಾನೆಯಲ್ಲಿ ಗುರುತಿನವರೊಬ್ಬರಿದ್ದರು. ಅವರಿಗೆ ಹೇಳಿ, ಹಂಗಾಮು ಶುರುವಾದ ಮೇಲೆ ಡಿಸ್ಟಿಲರಿ ಲ್ಯಾಬಿನಲ್ಲಿ ಎರಡು ತಿಂಗಳು ಕಲಿಯಲು ಒಪ್ಪಿಗೆ ಸಿಕ್ಕಿತು. ಪಗಾರ ಇಲ್ಲ, ಮಧ್ಯಾಹ್ನ ಕ್ಯಾಂಟೀನಿನ ಊಟ. ಅವಳಿಗೆ ಅಷ್ಟೇ ಸಾಕಾಗಿತ್ತು. ಆದರೆ ಕಬ್ಬು ಕಳಿಸುವ ಅಪ್ಪ, ಗುರುತಿನ ಕಾಕಾ ಇಲ್ಲದ ನೇಕಾರರ ಮನೆಯ ಹುಡುಗಿ ಏನು ಮಾಡಬೇಕು? ಕಾಲೇಜಿನ ಪತ್ರದಿಂದ ಆಗಬೇಕಾದ ಕೆಲಸ ವಶೀಲಿಯಿಂದ ಆದರೆ ಅದು ಕೆಲವರಿಗಷ್ಟೇ ಆಗುತ್ತದೆ.

ಕಾರ್ಖಾನೆಯೊಳಗಿನ ಜೀವಶಾಸ್ತ್ರ

ಸಕ್ಕರೆ ಕಾರ್ಖಾನೆ ಎಂದರೆ ಬರೀ ಯಂತ್ರ ಎಂದು ನಾನೂ ತಿಳಿದಿದ್ದೆ. ಅಕ್ಕ ಪ್ರತಿ ಭಾನುವಾರ ಹೇಳುತ್ತಿದ್ದ ಕಥೆಗಳಿಂದ ಗೊತ್ತಾದದ್ದು ಬೇರೆ. ಕಬ್ಬು ಕಡಿದ ಕ್ಷಣದಿಂದ ಅದರೊಳಗೆ ಸೂಕ್ಷ್ಮಜೀವಿಗಳ ಕೆಲಸ ಶುರುವಾಗುತ್ತದೆ. ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಲೋಳೆ ಮಾಡುತ್ತದೆ. ಗೇಟಿನ ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಎರಡು ದಿನ ನಿಂತರೆ ರೈತನಿಗೆ ತೂಕ ಕಡಿಮೆ, ಕಾರ್ಖಾನೆಗೆ ಇಳುವರಿ ಕಡಿಮೆ. ಸಾಲಿನಲ್ಲಿ ನಿಂತ ಚಾಲಕನಿಗೆ, ಲ್ಯಾಬಿನ ಕೆಮಿಸ್ಟಿಗೆ, ಪಠ್ಯಪುಸ್ತಕದ ಬ್ಯಾಕ್ಟೀರಿಯಾಕ್ಕೆ ಇರುವ ಈ ಸಂಬಂಧ ಯಾವ ನೋಟ್ಸಿನಲ್ಲೂ ಇರಲಿಲ್ಲ.

ಕಾಕಂಬಿಯಿಂದ ಎಥನಾಲ್ ಮಾಡುವ ತೊಟ್ಟಿಯಲ್ಲಿ ದುಡಿಯುವುದು ಯೀಸ್ಟ್. ದಿನಕ್ಕೆ ಹಲವು ಸಲ ಅದರ ಮಾದರಿ ತಂದು, ಮಿಥಿಲೀನ್ ಬ್ಲೂ ಬಣ್ಣ ಹಾಕಿ ಎಣಿಸಬೇಕು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣ ಹಿಡಿಯುವುದಿಲ್ಲ. ನೀಲಿ ಹೆಚ್ಚಾದರೆ ತೊಟ್ಟಿಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಸಂದರ್ಶನದಲ್ಲಿ ಕೈಗೆ ಬಂದು ಕೈಬಿಟ್ಟ ಅದೇ ಗಾಜಿನ ಪಟ್ಟಿ ಈಗ ಅವಳ ದಿನನಿತ್ಯದ ಕೆಲಸವಾಯಿತು. ‘ಪರೀಕ್ಷಾದಾಗ ತಪ್ಪಾದ್ರ ಎರಡು ಮಾರ್ಕ್ಸ್ ಹೊಕ್ಕಾವು. ಇಲ್ಲಿ ತಪ್ಪಾದ್ರ ಇಡೀ ತೊಟ್ಟಿ ಹೊಕ್ಕೈತಿ’ ಎನ್ನುತ್ತಿದ್ದಳು. ಆ ಹೆದರಿಕೆಯೇ ಅವಳಿಗೆ ಎರಡೆರಡು ಸಲ ಎಣಿಸುವುದನ್ನು ಕಲಿಸಿತು.

ಉಣ್ಣೆ ಹೇನಿನ ಪಾಠ

ನಮ್ಮ ಭಾಗಕ್ಕೆ ಕ್ಷೇತ್ರಕಾರ್ಯದ ಬೆಲೆ ತಿಳಿಸಿದ ಘಟನೆಯೊಂದು ನಾನು ಹುಟ್ಟುವ ಮೊದಲೇ ನಡೆದಿದೆ. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದ ಕಬ್ಬಿನಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡಿತು. ಅಲ್ಲಿಂದ ಉತ್ತರ ಕರ್ನಾಟಕದ ಕಬ್ಬಿಗೂ ಹಬ್ಬಿತು. ಗರಿಯ ಹಿಂಬದಿಯಲ್ಲಿ ಹತ್ತಿ ಮೆತ್ತಿದಂತೆ ಬಿಳಿ ಮೇಣ, ಗರಿಯ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಆಳೆತ್ತರದ ಕಬ್ಬಿನೊಳಗೆ ನುಗ್ಗಿ ಔಷಧ ಹೊಡೆಯುವುದು ಸುಲಭವಲ್ಲ. ಹೊಡೆದರೂ ಹೇನಿನ ಜೊತೆ ಹೇನು ತಿನ್ನುವ ಒಳ್ಳೆಯ ಹುಳುಗಳೂ ಸಾಯುತ್ತಿದ್ದವು.

ದಾರಿ ಸಿಕ್ಕಿದ್ದು ಹೊಲದಲ್ಲೇ. ಗರಿಗಳನ್ನು ತಿರುವಿ ತಿರುವಿ ನೋಡಿದವರಿಗೆ ಆ ಹೇನನ್ನು ತಿನ್ನುವ ಎರಡು ಕೀಟಗಳು ಕಂಡವು. ಒಂದು ಡೈಫಾ ಎಂಬ ಪತಂಗದ ಮರಿಹುಳು, ಇನ್ನೊಂದು ಮೈಕ್ರೋಮಸ್ ಎಂಬ ಜಾಲರಿ ರೆಕ್ಕೆಯ ಕೀಟ. ಇವುಗಳನ್ನು ಬೆಳೆಸಿ, ಹುಳು ಇರುವ ಗರಿಯ ತುಂಡುಗಳನ್ನು ರೋಗ ಬಿದ್ದ ಹೊಲದ ಕಬ್ಬಿಗೆ ಕಟ್ಟಿದರು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದರ ಮೇಲೆ ಸಾಕಷ್ಟು ಕೆಲಸ ಮಾಡಿದರು. ನಮ್ಮ ಸಮೀರವಾಡಿಯಲ್ಲಿ ಕೂಡ ಕಬ್ಬಿನ ಮೇಲೆ ಸಂಶೋಧನೆ ನಡೆಸುವ ಕೆ.ಜೆ. ಸೋಮಯ್ಯ ಸಂಸ್ಥೆ ಇದೆ. ಆಗಿನ ಮಾತನ್ನು ನಮ್ಮ ಕಾಕಾ ಈಗಲೂ ನೆನೆಯುತ್ತಾರೆ: ‘ಹುಳಾ ತಿನ್ನಾಕ ಹುಳಾನ ಬಿಟ್ರಪಾ, ಮೊದಲ ನಾವು ನಂಬಲೇ ಇಲ್ಲ.’

ಮುಂದೊಂದು ದಿನ ಬೇರೆ ಕೀಟ ಬರಬಹುದು. ಅದನ್ನು ಮೊದಲು ಕಾಣುವವರು ಯಾರು? ಹೊಲದಲ್ಲಿ ಓಡಾಡುವವರು. ನಾಲ್ಕು ತಾಲ್ಲೂಕಿನ ಬಿಎಸ್ಸಿ ವಿದ್ಯಾರ್ಥಿಗಳು ವಾರಕ್ಕೊಮ್ಮೆ ತಮ್ಮ ತಮ್ಮ ಊರಿನ ಹೊಲದಲ್ಲಿ ಹತ್ತು ಗಿಡದ ಗರಿ ತಿರುವಿ ಬರೆದಿಟ್ಟರೆ, ರೋಗ ಹಬ್ಬಿದ ಮೇಲಲ್ಲ, ಹಬ್ಬುವ ಮೊದಲೇ ಸುದ್ದಿ ಸಿಗುತ್ತದೆ.

ನಾಯಿ, ಚಿಂಕಾರ, ಕುರಿಗಾಹಿ

ಮುಧೋಳ ನಾಯಿಯ ಕಥೆ ಎಲ್ಲರಿಗೂ ಗೊತ್ತು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಬೆಳೆಸಿದರು. 2005ರಲ್ಲಿ ಇದರ ಚಿತ್ರದ ಅಂಚೆಚೀಟಿ ಬಂತು. 2016ರಲ್ಲಿ ಭಾರತೀಯ ಸೇನೆ ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಹೆಸರು ಹೇಳಿದ ಮೇಲೆ ಬೇಡಿಕೆ ಇನ್ನೂ ಏರಿತು. ಆದರೆ ಹೆಸರಿನ ಹಿಂದೆ ಒಂದು ಜೀವಶಾಸ್ತ್ರದ ಸಮಸ್ಯೆ ಇದೆ. ಬೇಡಿಕೆ ಹೆಚ್ಚಾದಾಗ ಹತ್ತಿರದ ರಕ್ತಸಂಬಂಧದಲ್ಲೇ ಮರಿ ಮಾಡಿಸಿದರೆ ತಳಿ ದುರ್ಬಲವಾಗುತ್ತದೆ. ಬೇರೆ ನಾಯಿಯ ಜೊತೆ ಬೆರೆಸಿದರೆ ತಳಿಯೇ ಉಳಿಯುವುದಿಲ್ಲ. ಆದ್ದರಿಂದ ಯಾವ ಮರಿಯ ತಂದೆ ತಾಯಿ ಯಾರು ಎಂಬ ದಾಖಲೆಯೇ ಇಲ್ಲಿ ಮುಖ್ಯ.

ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ತಿಮ್ಮಾಪುರದ ಕೇಂದ್ರ ಈ ತಳಿಯ ಮೇಲೆ ಕೆಲಸ ಮಾಡುತ್ತಿದೆ. ಸುತ್ತಲಿನ ಹಳ್ಳಿಗಳಲ್ಲಿ ನಾಯಿ ಸಾಕಿ ಮರಿ ಮಾರುವ ಕುಟುಂಬಗಳಿವೆ. ತಳಿಶಾಸ್ತ್ರದ ಪಾಠದಲ್ಲಿ ವಂಶವೃಕ್ಷದ ಲೆಕ್ಕ ಬಿಡಿಸುವ ವಿದ್ಯಾರ್ಥಿ ಆ ಹಳ್ಳಿಗಳಿಗೆ ಹೋಗಿ, ಮರಿಗಳ ತೂಕ, ಎತ್ತರ ಅಳೆದು, ಮೂರು ತಲೆಮಾರಿನ ವಂಶವೃಕ್ಷ ಬರೆದು ತಂದರೆ? ಪುಸ್ತಕದಲ್ಲಿ ಚೌಕ ಮತ್ತು ವೃತ್ತವಾಗಿದ್ದದ್ದು ಹೆಸರಿರುವ ನಾಯಿಗಳಾಗುತ್ತದೆ. ಸಾಕುವವರಿಗೂ ಆ ದಾಖಲೆ ಉಪಯೋಗಕ್ಕೆ ಬರುತ್ತದೆ.

ಯಡಹಳ್ಳಿ ಧಾಮದ ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಕುರುಚಲು ಕಾಡು, ಕಲ್ಲು ಗುಡ್ಡ. ಕಾಡು ಎಂದರೆ ಮಲೆನಾಡು ಎಂದುಕೊಂಡವರಿಗೆ ಇದು ಬರಡು ನೆಲದಂತೆ ಕಾಣುತ್ತದೆ. ಆದರೆ ಚಿಂಕಾರಕ್ಕೆ ಬೇಕಾದದ್ದು ಇಂಥ ಒಣ ನೆಲವೇ. ಎಲೆ, ಕಾಯಿಗಳಲ್ಲಿರುವ ನೀರಿನಂಶ ಮತ್ತು ಇಬ್ಬನಿಯಲ್ಲೇ ಅದು ಬಹಳ ದಿನ ಬದುಕಬಲ್ಲದು. ಕೃಷ್ಣಮೃಗದಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ ಕೊಂಬುಂಟು. ತೋಳವೂ ಇರುವ ನೆಲ ಇದು. ಧಾಮದೊಳಗೆ ಅಧ್ಯಯನಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಲೇಜು ಬರೆದು ಕೇಳಿದರಷ್ಟೇ ಅದು ಸಾಧ್ಯ, ಬೈಕ್ ಏರಿ ಹೋಗಿ ಸೆಲ್ಫಿ ತೆಗೆದುಕೊಳ್ಳುವುದು ಕ್ಷೇತ್ರಕಾರ್ಯವಲ್ಲ. ಹೋದ ಕೂಡಲೇ ಪ್ರಾಣಿ ಕಾಣುತ್ತದೆ ಎಂಬ ಖಾತ್ರಿಯೂ ಇಲ್ಲ. ಹೆಜ್ಜೆ, ಹಿಕ್ಕೆ, ಮೇಯ್ದ ಗಿಡ ಇವನ್ನೇ ಗೆರೆ ಹಿಡಿದು ನಡೆದು ಎಣಿಸಬೇಕು.

ಧಾಮದ ಹೊರಗೂ ಕೆಲಸವಿದೆ. ಸುತ್ತಲಿನ ಕುರಿಗಾಹಿಗಳಿಗೆ ತೋಳ ಎಲ್ಲಿ ಬರುತ್ತದೆ, ಯಾವ ತಿಂಗಳು ಹೆಚ್ಚು ಎಂಬುದು ಗೊತ್ತು. ಅವರ ಜೊತೆ ಕೂತು ಮಾತಾಡಲು ಹೊರಗಿನ ಸಂಶೋಧಕನಿಗೆ ದುಭಾಷಿ ಬೇಕು. ನಮ್ಮ ಹುಡುಗರಿಗೆ ಬೇಕಿಲ್ಲ. ‘ಯಜ್ಜಾ, ಈ ವರ್ಷ ಎಷ್ಟ್ ಕುರಿ ಹೋದ್ವು?’ ಎಂದು ಕೇಳಿದರೆ ಸಾಕು, ಹಟ್ಟಿಯ ಹತ್ತು ವರ್ಷದ ಲೆಕ್ಕ ಹೊರಗೆ ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂದು ಹಿಂದೆ ಕೂರುವ ಬಿಎಸ್ಸಿ ಹುಡುಗನಿಗೆ ಇಲ್ಲಿ ಅವನ ಭಾಷೆಯೇ ಅರ್ಹತೆ.

ಇಡೀ ತಕರಾರು ಕ್ಯಾಲೆಂಡರಿನದ್ದು

ಕಾರ್ಖಾನೆಯ ಕೆಲಸ ಮುಗಿಸಿದ ಮೇಲೆ ಅಕ್ಕ ತನ್ನ ಹಳೆಯ ಕಾಲೇಜಿನ ಅಧ್ಯಾಪಕಿ ಮತ್ತು ನಾಲ್ಕು ಜ್ಯೂನಿಯರ್ ಹುಡುಗಿಯರ ಜೊತೆ ಫೆಬ್ರುವರಿಯ ಶನಿವಾರಗಳಂದು ಬೀಳಗಿ ಕಡೆಯ ಹಿನ್ನೀರಿಗೆ ಹೋದಳು. ಕೃಷ್ಣೆಗೆ ಘಟಪ್ರಭೆ ಸೇರುವ ಚಿಕ್ಕಸಂಗಮ ಇರುವುದು ಆ ಕಡೆಯೇ. ಹಿನ್ನೀರು ಇಳಿದಂತೆ ಕೆಸರಿನ ಬಯಲು ತೆರೆದುಕೊಂಡು ಹಕ್ಕಿಗಳಿಗೆ ಮೇವು ಸಿಗುತ್ತದೆ. ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ನೀರು ಸೋಸುವ ಫ್ಲೆಮಿಂಗೊ ಹಿಂಡನ್ನು ಮೊದಲ ದಿನ ಎಲ್ಲರೂ ಎಣಿಸಿದರಂತೆ. ಒಬ್ಬಳು ಇನ್ನೂರು ಎಂದರೆ ಇನ್ನೊಬ್ಬಳು ಮುನ್ನೂರೈವತ್ತು. ಅಧ್ಯಾಪಕಿ ಸರಿಯುತ್ತರ ಹೇಳಲಿಲ್ಲ. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಳತೆ ಮಾಡಿ, ಆ ಅಳತೆಯಲ್ಲಿ ಹಿಂಡನ್ನು ಭಾಗ ಮಾಡಲು ಕಲಿಸಿದರು. ನಾಲ್ಕನೆಯ ಶನಿವಾರದ ಹೊತ್ತಿಗೆ ಐವರ ಸಂಖ್ಯೆಗಳೂ ಹತ್ತಿರ ಹತ್ತಿರ ಬರತೊಡಗಿದವು. ವಿಜ್ಞಾನ ಎಂದರೆ ಸರಿಯುತ್ತರ ಬಾಯಿಪಾಠ ಮಾಡುವುದಲ್ಲ, ನಮ್ಮ ಲೆಕ್ಕ ಎಷ್ಟು ತಪ್ಪಿರಬಹುದು ಎಂದು ತಿಳಿಯುವುದು ಎಂಬುದು ಆ ಹುಡುಗಿಯರಿಗೆ ಕೆಸರಿನ ದಂಡೆಯಲ್ಲಿ ಗೊತ್ತಾಯಿತು.

‘ಇದನ್ನ ನಿಮ್ಮ ಕೋರ್ಸಿನಾಗ ಇಂಟರ್ನ್‌ಶಿಪ್ ಅಂತ ಯಾಕ ಇಡಂಗಿಲ್ಲಕ್ಕಾ? ನಮಗಿದ್ದಂಗ ಒಂದ್ ತಿಂಗಳು ರಜಾದಾಗ ಮಾಡಿದ್ರ ಆತು’ ಎಂದೆ. ಅವಳು ನಕ್ಕಳು. ‘ನೀವು ಮಷಿನ್ ಓದಾವರು, ಯಾವಾಗ ಬೇಕಾದ್ರೂ ಸ್ವಿಚ್ ಹಾಕ್ತೀರಿ. ನಮ್ಮ ಹಕ್ಕಿ ಬರೋದು ಚಳಿಗಾಲಕ್ಕ, ಸೂಟಿ ಸಿಗೋದು ಬ್ಯಾಸಿಗಿಗೆ. ಏನ್ ಮಾಡೂಣು ತಮ್ಮಾ?’

ನಾನು ಆ ಮೇಲೆ ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಕಾಲೇಜಿಗೆ ದೀರ್ಘ ರಜೆ ಸಿಗುವುದು ಹೆಚ್ಚಾಗಿ ಬೇಸಿಗೆಯ ಸುತ್ತ. ಆಗ ಕಾರ್ಖಾನೆ ನುರಿಸುವುದನ್ನು ನಿಲ್ಲಿಸಿರುತ್ತದೆ, ವಲಸೆ ಹಕ್ಕಿಗಳು ಹೋಗಿರುತ್ತವೆ, ಕಪ್ಪೆಗಳು ನೆಲದೊಳಗಿರುತ್ತವೆ. ಗೀಜಗ ಗೂಡು ಕಟ್ಟುವುದು ಮಳೆಗಾಲದಲ್ಲಿ, ಕಬ್ಬು ಕಡಿಯುವುದು ಚಳಿಗಾಲದಲ್ಲಿ. ಅಂದರೆ ಎಂಜಿನಿಯರಿಂಗ್ ಮಾದರಿಯ ಇಂಟರ್ನ್‌ಶಿಪ್ಪನ್ನು ತಂದು ಜೀವಶಾಸ್ತ್ರಕ್ಕೆ ಅಂಟಿಸಿದರೆ ಆಗುವುದಿಲ್ಲ. ಅವರಿಗೆ ಬೇಕಾದದ್ದು ಒಂದೇ ಕಡೆಯ ಒಂದು ತಿಂಗಳಲ್ಲ, ವರ್ಷಕ್ಕೆ ಹರಡಿದ ಮೂವತ್ತು ಶನಿವಾರ. ಒಂದೇ ಬಾವಿ, ಒಂದೇ ಮರ, ಒಂದೇ ಹೊಲಕ್ಕೆ ಮೂರೂ ಕಾಲದಲ್ಲಿ ಮತ್ತೆ ಮತ್ತೆ ಹೋಗುವುದು.

ಹೀಗೆ ಮತ್ತೆ ಮತ್ತೆ ನೋಡುವುದರಿಂದ ಏನಾಗುತ್ತದೆ ಎಂಬುದಕ್ಕೆ ಸಲೀಂ ಅಲಿ ಉದಾಹರಣೆ. 1930ರಲ್ಲಿ ಕೆಲಸ ಕಳೆದುಕೊಂಡು ಮುಂಬೈ ಬಿಟ್ಟು ಕಿಹೀಮ್ ಎಂಬ ಹಳ್ಳಿಯಲ್ಲಿದ್ದಾಗ, ಹತ್ತಿರದ ಗೀಜಗನ ಗೂಡುಗಳನ್ನು ಅವರು ದಿನವೂ ಕೂತು ನೋಡಿದರು. ಗಂಡು ಅರ್ಧ ಗೂಡು ಕಟ್ಟಿ ಕಾಯುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಗೂಡು ಪೂರ್ತಿಯಾಗುತ್ತದೆ, ಆಮೇಲೆ ಗಂಡು ಇನ್ನೊಂದು ಗೂಡಿಗೆ ಹೊರಡುತ್ತದೆ ಎಂಬುದನ್ನು ಹಾಗೆ ಕಂಡುಕೊಂಡರು. ದೊಡ್ಡ ಲ್ಯಾಬ್ ಇರಲಿಲ್ಲ, ತಾಳ್ಮೆ ಇತ್ತು. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನ ಹುಡುಗರಿಗೆ ನೇಕಾರ ಹಕ್ಕಿಗಿಂತ ಒಳ್ಳೆಯ ಮೊದಲ ಪಾಠ ಯಾವುದಿದೆ?

ಅದೇ ಊರಿನಲ್ಲಿ ನೀರಿನ ಪಾಠವೂ ಇದೆ. ನೂಲಿಗೆ ಬಣ್ಣ ಹಾಕುವ ಕಡೆಯಿಂದ ಹರಿಯುವ ನೀರನ್ನು, ಹಳ್ಳದ ನೀರನ್ನು, ಕೃಷ್ಣೆಯ ನೀರನ್ನು ತಿಂಗಳಿಗೊಮ್ಮೆ ಬಾಟಲಿಗೆ ತುಂಬಿ ಪರೀಕ್ಷಿಸಬಹುದು. ಬಿಒಡಿ ಪರೀಕ್ಷೆಗೆ ನಮ್ಮ ದೇಶದಲ್ಲಿ 27 ಡಿಗ್ರಿ ಉಷ್ಣಾಂಶದಲ್ಲಿ ಮೂರು ದಿನ ಇಡುವ ಪದ್ಧತಿಯಿದೆ. ಯಾರ ಮೇಲೂ ದೂರು ಹೇಳಲು ಅಲ್ಲ, ನಮ್ಮ ನೀರು ಹೇಗಿದೆ ಎಂದು ನಮಗೇ ತಿಳಿಯಲು.

ಹೋಗುವುದಕ್ಕೆ ಏನು ಅಡ್ಡಿ?

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಾಗಾದರೆ ಖರ್ಚಿನ ಸಮಸ್ಯೆ ಮುಗಿಯಿತಲ್ಲ ಎಂದರೆ ಅಕ್ಕನ ಉತ್ತರ: ‘ಟಿಕೆಟ್ ಬ್ಯಾಡ, ಖರೇ. ಮನ್ಯಾಗ ಕೇಳೂದು ಬ್ಯಾಡೇನು?’ ಹಿನ್ನೀರಿನ ದಂಡೆಯಲ್ಲಿ ಶೌಚಾಲಯವಿಲ್ಲ. ಕೊನೆಯ ಬಸ್ಸಿನ ಹೊತ್ತಿಗೆ ನಿಲ್ದಾಣ ತಲುಪಬೇಕು. ಕಾಲೇಜಿನ ಪತ್ರ, ಜೊತೆಗೊಬ್ಬ ಅಧ್ಯಾಪಕಿ, ಐದು ಜನರ ಗುಂಪು ಇದ್ದರೆ ‘ಹೋಗಿ ಬಾ’ ಎನ್ನುವ ಅಪ್ಪಂದಿರು ನಮ್ಮಲ್ಲಿ ಬಹಳ ಇದ್ದಾರೆ. ಇವು ಯಾವುವೂ ಇಲ್ಲದೆ ‘ಫೀಲ್ಡ್ ವರ್ಕ್ ಇದೆ’ ಎಂದರೆ ಯಾವ ಮನೆಯಲ್ಲೂ ಒಪ್ಪುವುದಿಲ್ಲ. ಆದ್ದರಿಂದ ಇದು ಹುಡುಗಿಯರ ಧೈರ್ಯದ ಪ್ರಶ್ನೆಯಲ್ಲ. ಕಾಲೇಜು ಹೊಣೆ ಹೊರುವ ಪ್ರಶ್ನೆ.

ಅಧ್ಯಾಪಕರ ಕಷ್ಟವೂ ಇದೆ. ಅತಿಥಿ ಉಪನ್ಯಾಸಕರೇ ಹೆಚ್ಚಿರುವ ಕಡೆ ಶನಿವಾರ ಹೊರಗೆ ಕರೆದುಕೊಂಡು ಹೋಗಿ ಎಂದರೆ ಯಾರ ಖರ್ಚಿನಲ್ಲಿ? ಆ ಹೊತ್ತನ್ನೂ ಪಾಠದ ಅವಧಿ ಎಂದು ಲೆಕ್ಕ ಹಿಡಿದು ಗೌರವಧನ ಕೊಟ್ಟರೆ ಮಾತ್ರ ಇದು ನಡೆಯುತ್ತದೆ. 2023ರಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯದ ನೆಲೆ ಜಮಖಂಡಿಯೇ. ಊರಿನ ವಿಶ್ವವಿದ್ಯಾಲಯ ಊರಿನ ಹೊಲ, ಕಾಡು, ನದಿಯನ್ನೇ ಪಠ್ಯ ಮಾಡಿಕೊಂಡರೆ ಅದಕ್ಕಿಂತ ಸಹಜವಾದದ್ದು ಬೇರೇನಿದೆ?

ದೊಡ್ಡ ಆದೇಶ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿಗಳ ಜನತಾ ದಾಖಲೆ ಇರಬೇಕು. ಅದನ್ನು ಬರೆಯಲು, ತಿದ್ದಲು ಬಿಎಸ್ಸಿ ವಿದ್ಯಾರ್ಥಿಗಳಿಗಿಂತ ತಕ್ಕವರು ಯಾರು? ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಯಾವ ಕಾಲೇಜಿನ ಆವರಣದಿಂದಲೂ ಹಕ್ಕಿ ಎಣಿಸಿ ಇ-ಬರ್ಡ್‌ಗೆ ಹಾಕಬಹುದು. ಅದಕ್ಕೆ ಬೇಕಾದದ್ದು ಒಂದು ಮೊಬೈಲ್, ಹದಿನೈದು ನಿಮಿಷ.

ನಮ್ಮ ನೆಲಕ್ಕೆ ಕಾಯದೆ ಮಾಡಿದ ಇತಿಹಾಸವೂ ಇದೆ. ಜಮಖಂಡಿ ಭಾಗದ ರೈತರು ಸರ್ಕಾರದ ದಾರಿ ನೋಡದೆ ತಾವೇ ದುಡ್ಡು ಕೂಡಿಸಿ, ಶ್ರಮದಾನ ಮಾಡಿ, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ನದಿಗೇ ಅಡ್ಡ ಕಟ್ಟಿದ ಊರಿನವರಿಗೆ ಮೂವತ್ತು ಶನಿವಾರ ಹೊಂದಿಸುವುದು ಅಸಾಧ್ಯವೇನಲ್ಲ. ಒಂದು ಕಾಲೇಜು, ಒಂದು ಕಾರ್ಖಾನೆಯ ಲ್ಯಾಬ್, ಒಬ್ಬ ವಲಯ ಅರಣ್ಯಾಧಿಕಾರಿ, ನಾಲ್ಕು ಜನ ರೈತರು ಕೂತು ಒಂದು ಹಾಳೆಯ ಒಪ್ಪಂದ ಬರೆದರೆ ಈ ವರ್ಷವೇ ಶುರು ಮಾಡಬಹುದು.

ಅಕ್ಕ ಈಗ ಎಂಎಸ್ಸಿ ಸೂಕ್ಷ್ಮಜೀವಶಾಸ್ತ್ರಕ್ಕೆ ಅರ್ಜಿ ಹಾಕಿದ್ದಾಳೆ. ಕಾರ್ಖಾನೆಯ ಲ್ಯಾಬಿನವರು ಮುಂದಿನ ಹಂಗಾಮಿಗೆ ಪಗಾರದ ಮೇಲೆ ಬಾ ಎಂದೂ ಹೇಳಿದ್ದಾರೆ. ಎರಡರಲ್ಲಿ ಯಾವುದು ಎಂಬುದನ್ನು ಈ ಸಲ ಅವಳೇ ನಿರ್ಧರಿಸುತ್ತಾಳೆ. ಕಾಕಾ ಸಂಬಂಧದ ಮಾತು ಎತ್ತುವುದನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಮೊನ್ನೆ ಹೊಲದಿಂದ ಬರುವಾಗ ಕಬ್ಬಿನ ಒಂದು ಗರಿ ಕಿತ್ತು ತಂದು, ‘ಇದರ ಹಿಂದ ಏನೋ ಬೆಳ್ಳಗ ಕಾಣಸಾಕತ್ತೈತಿ, ನೋಡವ್ವಾ’ ಎಂದು ಅವಳ ಮುಂದೆ ಹಿಡಿದರು. ಅವಳು ಲೆನ್ಸ್ ತರಲು ಒಳಗೆ ಹೋದಳು.